ಸೂಜಿಯಕ್ಕನ ಮರಳುಕೂಸು

ಬೆಳಕು ಹರಿಯುವ ಮುಂಚೆ ಅವಳು ಮಾಡಿ ಮುಗಿಸುವ ಕೆಲಸಗಳು ಇವು. ಹಿತ್ತಲ ಬಾಗಿಲು ತೆಗೆದು ನೀರಿನ ಡ್ರಮ್ ತುಂಬುವುದು. ನಲ್ಲಿ ಐದೂವರೆಗೆ ನಿಂತುಹೋಗುತ್ತದೆ. ಒಲೆ ಹಚ್ಚಿ ಒಂದು ಕಡೆ ಚಹಾಕ್ಕೆ, ಇನ್ನೊಂದು ಕಡೆ ಅತ್ತೆಯ ಸ್ನಾನಕ್ಕೆ ನೀರಿಡುವುದು. ಅತ್ತೆಯನ್ನು ಎಬ್ಬಿಸಿ, ಬೆನ್ನು ಒರೆಸಿ, ಗೋಡೆಗೆ ಒರಗಿಸಿ ಕೂರಿಸುವುದು. ಗಂಡನ ಅಂಗಿಗೆ ಇಸ್ತ್ರಿ ಹಾಕಿ ಕುರ್ಚಿಯ ಬೆನ್ನಿಗೆ ತೂಗಿಬಿಡುವುದು. ಮಧ್ಯಾಹ್ನಕ್ಕೆ ತರಕಾರಿ ಹೆಚ್ಚಿಡುವುದು. ಹತ್ತಿಯ ಧೂಳು ಅಡುಗೆಮನೆಗೆ ನುಗ್ಗದ ಹಾಗೆ ನಡುಬಾಗಿಲಿಗೆ ಒದ್ದೆ ಬಟ್ಟೆ ಕಟ್ಟುವುದು. ಅಂಗಡಿಯ ಮುಂದಿನ ಮೂರು ಮೆಟ್ಟಿಲು ಗುಡಿಸುವುದು. ಹಿಂದಿನ ಸಂಜೆ ಹೊಲಿದ ಹಾಸಿಗೆಯ ಅಂಚುಗಳನ್ನೆಲ್ಲ ಬೆರಳಿನಿಂದ ಸವರಿ, ಸೂಜಿಯ ಮುರಿದ ಮೊನೆ ಎಲ್ಲಿಯಾದರೂ ಉಳಿದಿದೆಯೇ ಎಂದು ನೋಡುವುದು.

ಇಷ್ಟಾದ ಮೇಲೆ, ಆ ಮನೆಯಲ್ಲಿ ಯಾರೂ ಕೆಲಸವೆಂದು ಲೆಕ್ಕಕ್ಕೆ ಹಿಡಿಯದ ಒಂದು ಕೆಲಸ ಉಳಿಯುತ್ತದೆ. ಹೊಲಿದಿದ್ದು ಮಕ್ಕಳ ಹಾಸಿಗೆಯಾಗಿದ್ದರೆ, ಕಪಾಟಿನ ಮೇಲಿಂದ ಮರಳುಕೂಸನ್ನು ಇಳಿಸಿ ಅದರ ಮೇಲೆ ಮಲಗಿಸುವುದು.

ಬೀದಿಯವರೆಲ್ಲ ಅವಳನ್ನು ಸೂಜಿಯಕ್ಕ ಎನ್ನುತ್ತಾರೆ. ರವಿಕೆಯ ಎಡತೋಳಿನ ಅಂಚಿಗೆ ಯಾವಾಗಲೂ ದಾರ ಪೋಣಿಸಿದ ಒಂದು ಸೂಜಿ ಚುಚ್ಚಿಕೊಂಡಿರುತ್ತಾಳೆ. ಅವಳನ್ನು ತಬ್ಬಿಕೊಳ್ಳುವವರು ಬಲಗಡೆಯಿಂದ ಬರಬೇಕು. ಮಗಳಿಗೆ ಇದು ನಡೆಯಲು ಕಲಿಯುವ ಮೊದಲೇ ಗೊತ್ತಾಗಿತ್ತು. ಅಂಗಡಿಯ ಮುಂಭಾಗದಲ್ಲಿ ಗಾಜಿನ ಮೇಜು, ಅದರ ಹಿಂದೆ ಗಂಡ. ಹಾಸಿಗೆ ಒತ್ತಿ ನೋಡುವವರಿಗೆ ಕೂರಲು ಹೇಳುವುದು, ಬಟ್ಟೆಯ ಮಾದರಿ ಬಿಡಿಸಿ ತೋರಿಸುವುದು, ನಗುವುದು ಅವನ ಪಾಲು. ನಗುವುದರಲ್ಲಿ ಅವನದು ಎತ್ತಿದ ಕೈ. ಪರದೆಯ ಹಿಂದೆ ಹತ್ತಿ ಹಿಂಜುವುದು, ತೆಂಗಿನ ನಾರಿನ ಹಾಳೆ ಕತ್ತರಿಸುವುದು, ಗವಸು ತುಂಬುವುದು, ದಬ್ಬಣ ಹಿಡಿದು ಅಂಚು ಕಟ್ಟುವುದು ಅವಳ ಪಾಲು. ಹಾಸಿಗೆಯ ಮೂಲೆಗೆ ಹೊಲಿಯುವ ಚೀಟಿಯಲ್ಲಿ ಮಾವನ ಹೆಸರಿದೆ, 'ಮತ್ತು ಮಗ' ಎಂದೂ ಇದೆ. ಆ ಚೀಟಿಯನ್ನು ಮೂವತ್ತು ವರ್ಷಗಳಿಂದ ಹೊಲಿಯುತ್ತಿರುವ ಕೈಯ ಸುದ್ದಿ ಅದರಲ್ಲಿಲ್ಲ. ಕೆಲಸ ಕಲಿಸಿದವಳು ಅತ್ತೆ. ಅವಳ ಸುದ್ದಿಯೂ ಇಲ್ಲ.

ಮರಳುಕೂಸಿಗೆ ಈಗ ಇಪ್ಪತ್ತೇಳು ವರ್ಷ. ಮಗಳಿಗೂ ಅಷ್ಟೇ.

ಮಗಳು ನಾಲ್ಕು ತಿಂಗಳ ಕೂಸಾಗಿದ್ದಾಗ, ಗಂಡ ಅಂಗಡಿಯಲ್ಲಿದ್ದ ಅತ್ಯಂತ ನುಣುಪಾದ ಬಟ್ಟೆ ತೆಗೆದು, ಬೂರುಗದ ಹತ್ತಿ ತುಂಬಿಸಿ, ಗೇಣೆತ್ತರದ ಹಾಸಿಗೆ ಮಾಡಿಸಿದ್ದ. ಕೈಯಿಟ್ಟರೆ ಮಣಿಕಟ್ಟಿನವರೆಗೆ ಹೂತುಹೋಗುತ್ತಿತ್ತು. ನೋಡಲು ಬಂದವರೆಲ್ಲ ಕೈಯಿಟ್ಟು, ಕೂಸಿನ ಅದೃಷ್ಟವೇ ಅದೃಷ್ಟ ಎಂದು ಹೊಗಳಿ ಹೋದರು. ಒಂದು ಮಧ್ಯಾಹ್ನ ಪರದೆಯ ಹಿಂದೆ ಹೊಲಿಯುತ್ತಿದ್ದ ಅವಳಿಗೆ ಒಳಕೋಣೆಯ ಮೌನ ಸರಿಯೆನಿಸಲಿಲ್ಲ. ಹೋಗಿ ನೋಡಿದರೆ ಕೂಸು ಜೀವನದಲ್ಲಿ ಮೊದಲ ಸಲ ಮಗುಚಿಕೊಂಡಿತ್ತು. ಮುಖ ಹತ್ತಿಯೊಳಗೆ ಇಳಿದುಹೋಗಿತ್ತು. ಎತ್ತಿಕೊಂಡಾಗ ತುಟಿ ನೀಲಿ. ಬೆನ್ನು ತಟ್ಟಿದಳೋ, ಕಾಲು ಹಿಡಿದಳೋ, ಕೂಗಿದಳೋ, ಅವಳಿಗೆ ಇವತ್ತಿಗೂ ನೆನಪಿಲ್ಲ. ಕೂಸು ಅತ್ತಿದ್ದು ಮಾತ್ರ ನೆನಪಿದೆ.

ಏನೂ ಆಗಲಿಲ್ಲವಲ್ಲ, ಬಿಡು, ಎಂದರು ನೆರೆಹೊರೆಯವರು. ನೀನು ಕಣ್ಣಿಡಬೇಕಿತ್ತು ಎಂದ ಗಂಡ. ಎಲ್ಲರೂ ತಾಯಿಯನ್ನು ವಿಚಾರಿಸಿಕೊಂಡರು, ಹಾಸಿಗೆಯನ್ನು ಯಾರೂ ವಿಚಾರಿಸಲಿಲ್ಲ. ಅತ್ತೆ ಒಬ್ಬಳೇ ಆ ಹಾಸಿಗೆಯನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ಹೊಲಿಗೆ ಬಿಚ್ಚಿ, ಹತ್ತಿ ಈಚೆಗೆ ತೆಗೆದಳು. ಅದರಲ್ಲಿ ಆರು ದಿಂಬು ಆದವು.

ಆ ವಾರವೇ ಸೂಜಿಯಕ್ಕ ದಪ್ಪ ಬಟ್ಟೆಯಲ್ಲಿ ಒಂದು ಮೈ, ಒಂದು ತಲೆ ಹೊಲಿದು, ತೊಳೆದು ಒಣಗಿಸಿದ ಮರಳು ತುಂಬಿದಳು. ತಕ್ಕಡಿಯಲ್ಲಿಟ್ಟು ಮಗಳ ತೂಕಕ್ಕೆ ಸರಿಮಾಡಿದಳು. ಮೂಗಿನ ಜಾಗಕ್ಕೆ ಒಂದು ಬಿಳಿ ಗುಂಡಿ. ಅಂದಿನಿಂದ ಮಕ್ಕಳ ಹಾಸಿಗೆ ಯಾವುದೇ ಇರಲಿ, ಮರಳುಕೂಸನ್ನು ಅದರ ಮೇಲೆ ಬೋರಲು ಹಾಕಿ, ಚಹಾ ಕುದಿದು ಇಳಿಯುವಷ್ಟು ಹೊತ್ತು ಬಿಟ್ಟು, ದೀಪ ಹಿಡಿದು ಪಕ್ಕದಿಂದ ಬಗ್ಗಿ ನೋಡುತ್ತಾಳೆ. ಗುಂಡಿ ಕಾಣಿಸಬೇಕು. ಎತ್ತಿದ ಮೇಲೆ ತಲೆಯ ಗುಳಿ ಉಳಿಯಬಾರದು. ಗುಂಡಿ ಹೂತರೆ, ಗುಳಿ ಉಳಿದರೆ, ಹೊಲಿಗೆ ಬಿಚ್ಚಿ ಮತ್ತೆ ತುಂಬಬೇಕು. ಗಂಡ ಇದನ್ನು ನಿನ್ನ ಎರಡನೆಯ ಮಗಳು ಎಂದು ಹಾಸ್ಯ ಮಾಡುತ್ತಾನೆ. ಗಿರಾಕಿಗಳೆದುರು ಮಾತ್ರ ಅದನ್ನು ತೋರಿಸಬೇಡ ಎನ್ನುತ್ತಾನೆ, ನೋಡಿದವರು ಹೆದರಿಕೊಂಡಾರು.

ಇನ್ನು ಈ ಕಥೆಯ ಹನ್ನೆರಡು ಹಾಸಿಗೆಗಳ ವಿಷಯ.

ಪಕ್ಕದ ಬಡಾವಣೆಯಲ್ಲಿ, ಮಗಳು ಕೆಲಸ ಮಾಡುವ ಅಂಚೆ ವಿಂಗಡಣೆ ಕಚೇರಿಯ ಹಿಂದೆಯೇ, ಒಂದು ಶಿಶುಪಾಲನಾ ಕೇಂದ್ರ ಶುರುವಾಗುವುದಿತ್ತು. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಸುತ್ತ ಕಂಬಿಯಿರುವ ಹನ್ನೆರಡು ತೊಟ್ಟಿಲುಮಂಚ ಬಂದಿದ್ದವು. ನಡೆಸುವವರು ಶಾಲೆಯಿಂದ ನಿವೃತ್ತರಾದ ಒಬ್ಬ ಟೀಚರ್. ಅವರು ಅಂಗಡಿಗೆ ಬಂದು, ಸಾಲಾಗಿಟ್ಟ ಹಾಸಿಗೆಗಳನ್ನೆಲ್ಲ ಅಂಗೈಯಿಂದ ಒತ್ತಿ, ಎಲ್ಲಕ್ಕಿಂತ ಮೆತ್ತಗಿದ್ದುದರ ಮೇಲೆ ಕೈ ನಿಲ್ಲಿಸಿದರು. ಕೂಸು ಬಿಟ್ಟುಹೋಗುವ ತಾಯಿ ಮೊದಲು ಒತ್ತಿ ನೋಡುವುದು ಹಾಸಿಗೆಯನ್ನೇ, ಕೈಗೆ ಹಿತವಾದರೆ ಅವಳ ಮನಸ್ಸೂ ಹಗುರವಾಗುತ್ತದೆ ಎಂದರು. ಗಂಡ ಬೆಣ್ಣೆಯಂಥ ಹಾಸಿಗೆ ಮಾಡಿಕೊಡುತ್ತೇವೆ ಎಂದು ಮಾತು ಕೊಟ್ಟ. ಅಂದೇ ಸಂಜೆ ಹೋಗಿ ಅಳತೆಯನ್ನೂ ತಂದ.

ಆ ಹನ್ನೆರಡರಲ್ಲಿ ಒಂದು ಮಂಚ ಸೂಜಿಯಕ್ಕನ ಮೊಮ್ಮಗಳದು. ಮಗಳ ರಜೆ ಮುಗಿಯುತ್ತ ಬಂದಿತ್ತು. ಇನ್ನೆರಡು ವಾರ ಕಳೆದ ಸೋಮವಾರದಿಂದ, ಐದು ತಿಂಗಳ ಮೊಮ್ಮಗಳು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಮಲಗಿ ಏಳಬೇಕಿತ್ತು. ಅವಳು ಮಗುಚಿಕೊಳ್ಳುವುದನ್ನು ಕಲಿತು ಹತ್ತು ದಿನವಾಗಿತ್ತು.

ಪರದೆಯ ಹಿಂದಿನಿಂದ ಎಲ್ಲ ಕೇಳಿಸಿಕೊಂಡಿದ್ದ ಸೂಜಿಯಕ್ಕ, ರಾತ್ರಿಯೂಟಕ್ಕೆ ತಟ್ಟೆ ಇಡುವಾಗ ಮೊದಲು ಅಳತೆಯ ಚೀಟಿ ಕೇಳಿದಳು. ಚೀಟಿಯಲ್ಲಿ ಒಂದೇ ಮಂಚದ ಉದ್ದ, ಅಗಲ. ಕೆಳಗೆ, ಗುಣಿಸು ಹನ್ನೆರಡು.

"ಒಂದನ್ನೇ ಅಳೆದು ಬಂದಿದ್ದೀರಿ."

"ಎಲ್ಲ ಒಂದೇ ಥರ ಇವೆ."

"ಕಣ್ಣಿಗೆ ಒಂದೇ ಥರ. ನಾವಿಬ್ಬರೂ ದೂರದಿಂದ ನೋಡಿದರೆ ಒಂದೇ ಎತ್ತರ."

ಒಳಗಿನ ಮಂಚದಿಂದ ಅತ್ತೆ ನಕ್ಕ ಸದ್ದು ಕೇಳಿಸಿತು. ಎಂಬತ್ತೊಂದರ ಆ ಮುದುಕಿಗೆ ಕಾಲು ಸೋತಿದ್ದವು, ಕಿವಿ ಮಾತ್ರ ಗೋಡೆಯಾಚೆ ಸೂಜಿ ಬಿದ್ದರೂ ಹಿಡಿಯುತ್ತಿತ್ತು.

ಮೆತ್ತನೆಯದನ್ನು ತಾನು ಹೊಲಿಯುವುದಿಲ್ಲ ಎಂದು ಸೂಜಿಯಕ್ಕ ಹೇಳಿದಾಗ ಗಂಡ ಅನ್ನದ ತಟ್ಟೆಯಿಂದ ತಲೆಯೆತ್ತಿದ. ಗಿರಾಕಿ ಕೇಳಿದ್ದನ್ನು ಕೊಡುವುದು ಅಂಗಡಿಯ ಧರ್ಮ, ಮುಖಕ್ಕೆ ಹೊಡೆದ ಹಾಗೆ ಬೇಡವೆನ್ನಲು ತನ್ನಿಂದಾಗದು, ಬೇಕಾದರೆ ನಮ್ಮ ಮೊಮ್ಮಗಳಿಗೆ ಮಾತ್ರ ಗಟ್ಟಿಯದೊಂದು ಮಾಡಿಕೊಂಡರಾಯಿತು ಎಂದ. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ನಾಟಿತು. ಉಳಿದ ಹನ್ನೊಂದು ಜನ ತಾಯಂದಿರ ಮನೆಯಲ್ಲಿ ಮರಳುಕೂಸಿರಲಿಲ್ಲ.

"ಅವಳ ಕೈ ಹಿಡಿದು ಕೆಲಸ ಕಲಿಸಿದವಳು ನಾನು," ಎಂದಳು ಅತ್ತೆ ಒಳಗಿನಿಂದ. "ನಿನಗೂ ಕಲಿಸೋಕೆ ನೋಡಿದೆ. ನೀನು ನಗೋದು ಕಲಿತೆ. ಅವಳು ಹೋಗಿ ಅಳೆದು ಬರಲಿ ಬಿಡೋ."

ಮರುದಿನ ಹನ್ನೊಂದು ಗಂಟೆಗೆ ಸೂಜಿಯಕ್ಕ ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ಮರಳುಕೂಸನ್ನು ಒಂದು ಹಳೆಯ ಟವೆಲಿನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಮೊಮ್ಮಗಳ ತೂಕಕ್ಕೆ ಸರಿಯಾಗಲೆಂದು ಬೆಳಿಗ್ಗೆಯೇ ಒಂದಿಷ್ಟು ಮರಳು ಸೇರಿಸಿದ್ದಳು. ಈಗ ಅದು ಏಳು ಕಿಲೋ ತೂಗುತ್ತಿತ್ತು. ಕಾಲೇಜಿಗೆ ಹೊರಟಿದ್ದ ಹುಡುಗಿಯೊಬ್ಬಳು ಎದ್ದು ಸೀಟು ಬಿಟ್ಟುಕೊಟ್ಟಳು. ಪಕ್ಕದಲ್ಲಿ ಕೂತಿದ್ದ ಹೆಂಗಸು, ಪಾಪ, ಎಷ್ಟು ಜಾಣಕೂಸು, ಒಂದು ಸಲವೂ ಅಳಲಿಲ್ಲವಲ್ಲ ಎಂದು ಟವೆಲಿನ ಅಂಚು ಸರಿಸಿದವಳು ಬಿಳಿ ಗುಂಡಿಯನ್ನು ಕಂಡು ಕೈ ಹಿಂದೆಳೆದುಕೊಂಡಳು. ಇದು ಇಪ್ಪತ್ತೇಳು ವರ್ಷದಿಂದ ಅತ್ತಿಲ್ಲ ಎಂದಳು ಸೂಜಿಯಕ್ಕ. ಆ ಹೆಂಗಸು ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟಳು.

ಕೇಂದ್ರದ ಉದ್ದನೆಯ ಕೋಣೆಗೆ ಹೊಸ ಬಣ್ಣ ಹೊಡೆದ ವಾಸನೆಯಿತ್ತು. ಕಿಟಕಿಗಳ ಕೆಳಗೆ ಆರು ಮಂಚ, ಎದುರು ಗೋಡೆಗೆ ಆರು. ಟೀಚರ್ ಒಂದು ಮೂಲೆಯಲ್ಲಿ ಕೂತು ರಿಜಿಸ್ಟರಿಗೆ ಗೆರೆ ಎಳೆಯುತ್ತಿದ್ದರು. ಸೂಜಿಯಕ್ಕ ತಾನು ಯಾರೆಂದು ಹೇಳಿ, ಹನ್ನೆರಡನ್ನೂ ಅಳೆದಳು. ಎಂಟು ಒಂದೇ ಅಳತೆ. ಮೂರು ಅಗಲದಲ್ಲಿ ಎರಡು ಬೆರಳು ಹೆಚ್ಚು. ಮೂಲೆಯಲ್ಲಿದ್ದ ಒಂದು ಉದ್ದದಲ್ಲಿ ನಾಲ್ಕು ಬೆರಳು ಹೆಚ್ಚು. ಟೀಚರನ್ನು ಕರೆದು ಆ ಮೂಲೆಮಂಚದ ಬಳಿ ನಿಲ್ಲಿಸಿಕೊಂಡು, ಚೀಟಿಯ ಅಳತೆಯ ಹಾಸಿಗೆ ಹಾಕಿದರೆ ಎಲ್ಲಿಗೆ ಬರುತ್ತದೆಂದು ಪಟ್ಟಿ ಹಿಡಿದು ತೋರಿಸಿದಳು. ಉಳಿದ ಸಂದಿಗೆ ತನ್ನ ಕೈಯಿಟ್ಟಳು. ಕೈ ಸಲೀಸಾಗಿ ಇಳಿಯಿತು.

"ಎರಡು ಬೆರಳು ಹೋಗೋ ಸಂದಿನೇ ಹೆಚ್ಚು, ಮೇಡಂ. ಇಲ್ಲಿ ಕೂಸಿನ ಮುಖ ಸಿಕ್ಕಿಕೊಳ್ಳತ್ತೆ."

ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು. ಸರಿ, ಅಳತೆಗೆ ತಕ್ಕ ಹಾಗೆ ಬೇರೆಬೇರೆ ಮಾಡಿ, ಆದರೆ ಮೆತ್ತಗಿರಲಿ ಎಂದರು. ಆಗ ಸೂಜಿಯಕ್ಕ ಟವೆಲು ಬಿಚ್ಚಿದಳು. ಹಿಂದಿನ ಸಂಜೆ ಮಾದರಿಗೆಂದು ಗಂಡ ಕೊಟ್ಟು ಹೋಗಿದ್ದ, ದೊಡ್ಡವರ ಬೆಣ್ಣೆ ಹಾಸಿಗೆಯದೊಂದು ತುಂಡು ಅಲ್ಲೇ ಒಂದು ಮಂಚದ ಮೇಲಿತ್ತು. ಅದರ ಮೇಲೆ ಮರಳುಕೂಸನ್ನು ಬೋರಲು ಮಲಗಿಸಿ, ಪಕ್ಕಕ್ಕೆ ನಿಂತಳು. ಮರಳಿನ ತಲೆ ನಿಧಾನವಾಗಿ ಇಳಿಯಿತು. ಎರಡೂ ಕಡೆಯಿಂದ ಹಾಸಿಗೆ ಮೇಲೆದ್ದು ಕೆನ್ನೆಗೆ ಅಂಟಿತು. ಗುಂಡಿ ಕಾಣದಾಯಿತು.

"ಈಗ ಇದು ತಲೆ ಎತ್ತಬೇಕು," ಎಂದಳು ಸೂಜಿಯಕ್ಕ. "ಕೈ ಊರಿದರೆ ಕೈ ಹೂತು ಹೋಗತ್ತೆ. ಎಲ್ಲಿಂದ ಎತ್ತತ್ತೆ?"

ಟೀಚರ್ ಪಕ್ಕದಿಂದ ಇಣುಕಿ ಗುಂಡಿಯನ್ನು ಹುಡುಕಿದರು. ಆಮೇಲೆ, ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಆ ಹೆಂಗಸು ಕನ್ನಡಕವನ್ನು ಕಿಟಕಿಯ ಮೇಲಿಟ್ಟು, ಬಗ್ಗಿ, ತಮ್ಮದೇ ಮುಖವನ್ನು ಹಾಸಿಗೆಗೆ ಒತ್ತಿ ಉಸಿರೆಳೆದರು. ಎದ್ದಾಗ ಮುಖ ಕೆಂಪಗಾಗಿತ್ತು. ಹನ್ನೆರಡೂ ಗಟ್ಟಿಯವೇ ಇರಲಿ ಎಂದರು. ಆದರೆ ಅವರಿಗೆ ಒಂದು ಅಳುಕಿತ್ತು. ಕೇಂದ್ರ ತೆರೆಯುವುದಕ್ಕೆ ಎರಡು ದಿನ ಮುಂಚೆ, ಶನಿವಾರ ಬೆಳಿಗ್ಗೆ ಎಂಟಕ್ಕೆ, ತಾಯಂದಿರೆಲ್ಲ ನೋಡಲು ಬರುವವರಿದ್ದರು. ಒತ್ತಿ ನೋಡಿ ಕಲ್ಲಿನ ಥರ ಇದೆ ಎಂದರೆ ತಾವು ಏನು ಹೇಳುವುದು? ಅಂಗಡಿಯಿಂದ ಯಾರಾದರೂ ಬಂದು ಹತ್ತು ನಿಮಿಷ ತಿಳಿಸಿಹೇಳಲಿ, ಅವರು ಒಪ್ಪದಿದ್ದರೆ ಮಾತ್ರ ಬದಲಿಸಲೇಬೇಕಾಗುತ್ತದೆ ಎಂದರು. ಅಂಗಡಿಯಿಂದ ಬರುತ್ತಾರೆ ಎಂದು ಸೂಜಿಯಕ್ಕ ಹೇಳಿ ಬಂದಳು. ಯಾರು ಎಂದು ಅವರೂ ಕೇಳಲಿಲ್ಲ, ಅವಳೂ ಯೋಚಿಸಿರಲಿಲ್ಲ.

ಮುಂದಿನ ಹತ್ತು ದಿನ ಪರದೆಯ ಹಿಂದೆ ಅವಳು ಹೊಲಿದ ಹಾಗೆ ಆ ಅಂಗಡಿಯಲ್ಲಿ ಯಾರೂ ಎಂದೂ ಹೊಲಿದಿರಲಿಲ್ಲ. ಒತ್ತಿದ ನಾರಿನ ಹಾಳೆ ಒಳಗೆ. ಅದರ ಮೇಲೂ ಕೆಳಗೂ ಬಡಿದು ಬಿಗಿ ಮಾಡಿದ ಹತ್ತಿಯ ತೆಳ್ಳನೆ ಪದರ. ಗವಸು ಚರ್ಮದ ಹಾಗೆ ಮೈಗಂಟಿಕೊಂಡಿರಬೇಕು. ಬೆರಳಿನಿಂದ ಚಿವುಟಿದರೆ ಬಟ್ಟೆ ಸಿಗಬಾರದು. ಅಂದಕ್ಕೆಂದು ಗಂಡ ತಂದಿಟ್ಟಿದ್ದ ಬಣ್ಣದ ಗುಂಡಿಗಳನ್ನು ಡಬ್ಬಿ ಸಮೇತ ಪಕ್ಕಕ್ಕೆ ತಳ್ಳಿದಳು. ಕೂಸಿನ ಬಾಯಿಗೆ ಸಿಗುವ ಗುಂಡಿ ಯಾವ ಅಂದ? ಅತ್ತೆ ಮಂಚದ ಮೇಲೆ ಕೂತೇ ಒಂದೊಂದು ಮೂಲೆಯನ್ನೂ ಉಗುರಿನಿಂದ ಕೆರೆದು, ಹೊಲಿಗೆ ಸಡಿಲಿದ್ದ ಕಡೆ ಮೂಗು ಮುರಿದು ವಾಪಸು ಕೊಟ್ಟಳು. ಮೂರನೆಯದು ಮರಳುಕೂಸಿನ ಕೆಳಗೆ ಸೋತಿತು. ನಡುವೆ ಒಂದು ಅಂಗೈಯಗಲ ಗುಳಿ ಉಳಿಯಿತು. ಬಿಚ್ಚಿ ಮತ್ತೆ ತುಂಬಿದಳು. ಏಳನೆಯದನ್ನು ಹೊಲಿಯುವಾಗ ಹೆಬ್ಬೆರಳಿಗೆ ದಬ್ಬಣ ಹೊಕ್ಕಿತು. ಬಟ್ಟೆ ಸುತ್ತಿಕೊಂಡು ಎಂಟನೆಯದಕ್ಕೆ ಕೈಹಾಕಿದಳು.

ಗುರುವಾರ ಸಂಜೆ ಮಗಳು ಕೂಸನ್ನೆತ್ತಿಕೊಂಡು ಬಂದಳು. ಗೋಡೆಗೆ ಒರಗಿಸಿಟ್ಟ ಹನ್ನೊಂದು ಹಾಸಿಗೆಗಳಲ್ಲಿ ಒಂದನ್ನು ನೆಲಕ್ಕೆ ಹಾಕಿ, ಅಂಗೈಯಿಂದ ಒತ್ತಿದಳು. ಮುಖ ಸಣ್ಣದಾಯಿತು.

"ಅಮ್ಮಾ, ಇದು ಹಲಗೆ. ದಿನವಿಡೀ ನನ್ನನ್ನು ಬಿಟ್ಟಿರೋ ಕೂಸಿಗೆ ಮಲಗೋಕಾದರೂ ಮೆತ್ತಗೆ ಬೇಡವಾ?"

ಸೂಜಿಯಕ್ಕ ಮೊಮ್ಮಗಳನ್ನು ಇಸಿದುಕೊಂಡು ಹಾಸಿಗೆಯ ಮೇಲೆ ಅಂಗಾತ ಮಲಗಿಸಿದಳು. ಕೂಸು ಸೂರನ್ನು ನೋಡಿತು, ಅಜ್ಜಿಯ ತೋಳಿನ ಸೂಜಿಯ ಮಿಂಚನ್ನು ನೋಡಿತು, ಒಂದು ಕಾಲೆತ್ತಿ, ಮಗ್ಗುಲಾಗಿ, ಮಗುಚಿಕೊಂಡಿತು. ಮಗಳು ಮುಂದೆ ಬಾಗಿದಳು. ಸೂಜಿಯಕ್ಕ ಅವಳ ಮಣಿಕಟ್ಟು ಹಿಡಿದು ತಡೆದಳು. ಕೂಸು ಎರಡೂ ಅಂಗೈಗಳನ್ನು ಊರಿತು. ಹಾಸಿಗೆ ಬಗ್ಗಲಿಲ್ಲ. ಕತ್ತು ನಡುಗಿತು, ತಲೆ ಎದ್ದಿತು, ಎದೆಯೂ ಎದ್ದಿತು. ಜೊಲ್ಲು ಸುರಿಸುತ್ತ ಅದು ಕೋಣೆಯನ್ನೆಲ್ಲ ಒಂದು ಸುತ್ತು ನೋಡಿ, ಮುತ್ತಜ್ಜಿಯ ಕಡೆಗೆ ತಿರುಗಿ ಗಟ್ಟಿಯಾಗಿ ಏನೋ ಹೇಳಿತು.

"ಹೂಂ, ಕೇಳಿಸ್ತು," ಎಂದಳು ಮುದುಕಿ. "ಹೊಲಿಗೆ ಚೆನ್ನಾಗಿದೆಯಂತೆ."

ಆಗ ಸೂಜಿಯಕ್ಕ ಮಗಳಿಗೆ ಇಪ್ಪತ್ತೇಳು ವರ್ಷದ ಹಿಂದಿನ ಮಧ್ಯಾಹ್ನದ ವಿಷಯ ಹೇಳಿದಳು. ಅದುವರೆಗೆ ಮಗಳಿಗೆ ಮರಳುಕೂಸು ಗೊತ್ತಿತ್ತು, ಅದು ತನ್ನ ತೂಕದ್ದೆಂದು ಗೊತ್ತಿರಲಿಲ್ಲ. ಕೇಳಿದ ಮೇಲೆ ಅವಳು ಎದ್ದು ಬಲಗಡೆಯಿಂದ ಬಂದು ತಾಯಿಯನ್ನು ತಬ್ಬಿಕೊಂಡಳು. ಹೋಗುವಾಗ, ಉಳಿದ ಒಂದನ್ನೂ ಹೀಗೇ ಹೊಲಿಯಮ್ಮ ಎಂದಳು. ಸೂಜಿಯಕ್ಕನಿಗೆ ಮೂವತ್ತು ವರ್ಷದಲ್ಲಿ ಯಾವ ಗಿರಾಕಿಯ ಹೊಗಳಿಕೆಯೂ ಇಷ್ಟು ಒಳಗಿಳಿದಿರಲಿಲ್ಲ.

ಶುಕ್ರವಾರ ಹನ್ನೆರಡು ಹಾಸಿಗೆಗಳೂ ಗಾಡಿಯಲ್ಲಿ ಹೋದವು. ಚೀಟಿಗಳನ್ನು ಅವಳೇ ಹೊಲಿದಿದ್ದಳು, ಯಾವಾಗಿನಂತೆ. ಗಂಡ ಜೊತೆಗೆ ಹೋಗಿ, ಹನ್ನೆರಡನ್ನೂ ಮಂಚಗಳಿಗೆ ಇಳಿಸಿ ಬಂದವನು ಒಪ್ಪಿಕೊಂಡ: ಕೈಬೆರಳಿರಲಿ, ಚೀಟಿ ಕೂಡ ಸಂದಿಯಲ್ಲಿ ತೂರಲಿಲ್ಲ. ಅಳತೆ ಅಂದರೆ ಅಳತೆ ಎಂದ. ಅವನಿಗೆ ಹೊಗಳಲು ಬಾರದೆ ಇಲ್ಲ. ಹೆಂಡತಿಯನ್ನು ಹೊಗಳುವ ಸಂದರ್ಭ ಅಂಗಡಿಯಲ್ಲಿ ಬರುವುದು ಕಡಿಮೆ. ಅವಳು ತಲೆ ಬಗ್ಗಿಸಿ ತಟ್ಟೆ ತೊಳೆಯುತ್ತ, ಆ ಮಾತನ್ನು ಪೂರ್ತಿಯಾಗಿ ತನ್ನ ಒಳಗೆ ಇಟ್ಟುಕೊಂಡಳು.

ಆಮೇಲೆ ಅವನು ನಾಳಿನ ಮಾತೆತ್ತಿದ. ತಾಯಂದಿರ ಎದುರು ತಾನೇ ಮಾತಾಡುತ್ತೇನೆ, ನೀಲಿ ಅಂಗಿಗೆ ಇಸ್ತ್ರಿ ಹಾಕಿಡು ಎಂದ. ಯಾರಾದರೂ ಗಟ್ಟಿಯಾಯಿತು ಎಂದು ಗೊಣಗಿದರೆ ಅದಕ್ಕೂ ದಾರಿ ಹುಡುಕಿದ್ದ.

"ಮೇಲೆ ಹಾಕೋಕೆ ಮೆತ್ತನೆ ಪದರ ಒಂದೊಂದು ಹೊಲಿದು ಕೊಡ್ತೀವಿ ಅಂತೀನಿ. ಅವರಿಗೂ ಖುಷಿ, ನಿನ್ನ ಹಾಸಿಗೆನೂ ಅಲ್ಲೇ ಕೆಳಗಿರತ್ತೆ. ಏನಂತೀಯಾ?"

ಅವಳು ತೊಳೆದ ತಟ್ಟೆಯನ್ನು ಗೋಡೆಗೆ ಒರಗಿಸಿಟ್ಟಳು. ಬೇಡವೆಂದರೆ ಮಾತು ಬೆಳೆಯುತ್ತಿತ್ತು, ಬೆಳೆದ ಮಾತಿನಲ್ಲಿ ಅವನೇ ಗೆಲ್ಲುತ್ತಿದ್ದ. ಮಾತು ಅವನ ಕಸುಬು. ಅವನು ಕೆಟ್ಟವನಲ್ಲ. ಎದುರಿಗಿದ್ದವರ ಮುಖ ಬಾಡಿದರೆ ಅವನಿಗೆ ಸಹಿಸಲಾಗದು, ಅಷ್ಟೇ. ನಾಳೆ ಎಂಟು ಗಂಟೆಗೆ ಹನ್ನೊಂದು ಮುಖ ಬಾಡುವುದಿತ್ತು. ಆ ಮೆತ್ತನೆ ಪದರದಲ್ಲಿ ಬಿಳಿ ಗುಂಡಿ ಎಷ್ಟು ಹೂತುಹೋಗುತ್ತದೆಂದು ಅವಳ ಕೈಗೆ ಗೊತ್ತಿತ್ತು.

ಶನಿವಾರ ಅವಳು ಎಂದಿನಂತೆ ಎದ್ದಳು. ನೀರಿನ ಡ್ರಮ್ ತುಂಬಿದಳು. ಅತ್ತೆಯನ್ನು ಎಬ್ಬಿಸಿ, ಬೆನ್ನು ಒರೆಸಿ, ಗೋಡೆಗೆ ಒರಗಿಸಿದಳು. ಚಹಾ ಕೊಟ್ಟಳು. ಇಸ್ತ್ರಿಪೆಟ್ಟಿಗೆಯ ಮುಂದೆ ನಿಂತಳು. ನೀಲಿ ಅಂಗಿ ಕೈಯಲ್ಲಿತ್ತು, ತೋಳು ಮುದುರಿತ್ತು. ಕಿಟಕಿಯಾಚೆ ಬೀದಿಯ ದೀಪ ಇನ್ನೂ ಆರಿರಲಿಲ್ಲ. ಪಕ್ಕದ ಕೋಣೆಯಲ್ಲಿ ಗಂಡನ ಗೊರಕೆ ಏರಿಳಿಯುತ್ತಿತ್ತು. ಏಳಕ್ಕೆ ಮುಂಚೆ ಅದು ನಿಲ್ಲುವುದಿಲ್ಲವೆಂದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಅವಳು ಅಂಗಿಯನ್ನು ಹಾಗೆಯೇ ಮಡಿಸಿ ಮೇಜಿನ ಮೇಲಿಟ್ಟಳು. ತರಕಾರಿಯನ್ನು ಹೆಚ್ಚದೆ ಬುಟ್ಟಿಯಲ್ಲೇ ಬಿಟ್ಟು, ಚಾಕುವನ್ನು ಪಕ್ಕದಲ್ಲಿ ಕಾಣುವ ಹಾಗೆ ಇಟ್ಟಳು. ಮುಖ ತೊಳೆದು, ಒಳ್ಳೆಯ ಬಟ್ಟೆ ಉಟ್ಟು, ಎಡತೋಳಿಗೆ ಸೂಜಿ ಚುಚ್ಚಿಕೊಂಡಳು. ಕಪಾಟಿನ ಮೇಲಿಂದ ಮರಳುಕೂಸನ್ನು ಇಳಿಸಿದಳು. ಟವೆಲು ಹುಡುಕಿದಳು, ಸಿಕ್ಕಿತು, ಒಂದು ಗಳಿಗೆ ಕೈಯಲ್ಲಿ ಹಿಡಿದು ನಿಂತು, ವಾಪಸು ತಂತಿಯ ಮೇಲೆ ಹಾಕಿದಳು.

ಹಿತ್ತಲ ಬಾಗಿಲು ತೆರೆದೇ ಇತ್ತು. ಅವಳು ಪರದೆ ಸರಿಸಿ, ಗಾಜಿನ ಮೇಜನ್ನು ಬಳಸಿ, ಅಂಗಡಿಯ ಮುಂಬಾಗಿಲಿನ ಅಗುಳಿ ತೆಗೆದಳು. ಬಿಳಿ ಗುಂಡಿ ಎಲ್ಲರಿಗೂ ಕಾಣುವ ಹಾಗೆ ಮರಳುಕೂಸನ್ನು ಹೆಗಲಿಗೆ ಹಾಕಿಕೊಂಡು, ಆ ದಿನ ಗುಡಿಸದ ಮೂರು ಮೆಟ್ಟಿಲುಗಳನ್ನು ಇಳಿದಳು.